ಯುಇಎಫ್‌ಐ ಕಂಪ್ಯೂಟರಿಗೆ ಬೂಟ್ ಲೋಡರ್ ಹಾಕುವುದು: ಶಿರಸಿ, ಕುಮಟೆ, ಕಾರವಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ಅಲ್ಲಿಂದ ಈಚೆ "ಈ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕ್ಬಹುದಾ" ಎಂದು ಕೇಳಿಕೊಂಡು ಶಿರಸಿಯ ನಮ್ಮ ಅಂಗಡಿಗೆ ಬರುವವರು ಹೆಚ್ಚಾಗಿದ್ದಾರೆ. ಹಾಕುವುದು ಕಷ್ಟದ ಕೆಲಸವಲ್ಲ. ಹಾಕಿದ ಮೇಲೆ ಯಂತ್ರ ಅದನ್ನು ಕಂಡರೂ ಕಾಣದ ಹಾಗೆ ಇರುತ್ತದಲ್ಲ, ಅದೇ ತಲೆನೋವು. ಯಂತ್ರ ಶುರುವಾಗುವಾಗ ವಿಂಡೋಸನ್ನೋ ಲಿನಕ್ಸನ್ನೋ ಎಬ್ಬಿಸುವ ಸಣ್ಣ ಪ್ರೋಗ್ರಾಮಿಗೆ ಬೂಟ್ ಲೋಡರ್ ಎನ್ನುತ್ತಾರೆ, ಇಲ್ಲಿನ ಮಾತೆಲ್ಲ ಅದರದ್ದೇ. ಅಂಗಡಿಯಲ್ಲಿ, ಫೋನಿನಲ್ಲಿ, ವಾಟ್ಸಾಪಿನಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು. ಆಜ್ಞೆಗಳು ಮತ್ತು ಫೋಲ್ಡರ್ ಹೆಸರುಗಳು ಇಲ್ಲಿ ಕನ್ನಡ ಅಕ್ಷರದಲ್ಲಿವೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಬೇಕು.

## ಮೊದಲು ತಿಳಿಯಬೇಕಾದ್ದು

ಯುಇಎಫ್‌ಐ ಅಂದ್ರೆ ಬಯೋಸ್‌ಗೇ ಇಟ್ಟ ಹೊಸ ಹೆಸರಾ?

ಅಲ್ಲ. ಎರಡೂ ಫರ್ಮ್‌ವೇರ್, ಅಂದರೆ ಮದರ್‌ಬೋರ್ಡಿನಲ್ಲೇ ಇದ್ದು ಕರೆಂಟು ಕೊಟ್ಟ ಕೂಡಲೇ ಮೊದಲು ಓಡುವ ಪ್ರೋಗ್ರಾಮು, ಆದರೆ ಬೇರೆ ಬೇರೆ. ಫರ್ಮ್‌ವೇರನ್ನು ಹೊಂದಿಸುವ ಸೆಟಪ್ ಪರದೆಯ ಮೇಲೆ ಕಂಪನಿಗಳೇ ಇನ್ನೂ "ಬಯೋಸ್" ಎಂದು ಬರೆಯುವುದರಿಂದ ಹಾಗೆ ಅನ್ನಿಸುತ್ತದೆ. ಬಯೋಸ್ 1981ರ ಐಬಿಎಂ ಪಿಸಿಯ ಕಾಲದ್ದು. ಫೈಲು, ಫೋಲ್ಡರ್ ಎಂಬುದೇ ಅದಕ್ಕೆ ಗೊತ್ತಿಲ್ಲ. ಡಿಸ್ಕಿನ ಮೊದಲ 512 ಬೈಟ್ ಓದಿ, ಅಲ್ಲಿರುವ ಪುಟ್ಟ ಕೋಡಿನ ಕೈಗೆ ಯಂತ್ರವನ್ನು ಒಪ್ಪಿಸಿಬಿಡುತ್ತದೆ. ಆ ಕೋಡಿಗೆ ಸಿಗುವ ಜಾಗ 446 ಬೈಟ್ ಮಾತ್ರ.

ಇಂಟೆಲ್ ಕಂಪನಿ ಇಟೇನಿಯಂ ಯಂತ್ರಗಳಿಗೆಂದು ಶುರುಮಾಡಿದ ಇಎಫ್‌ಐ 2005ರಲ್ಲಿ ಹಲವು ಕಂಪನಿಗಳ ಕೂಟದ ಕೈಗೆ ಬಂದು ಯುಇಎಫ್‌ಐ ಆಯಿತು. ಇದಕ್ಕೆ ಫ್ಯಾಟ್ ಮಾದರಿಯ ಪಾರ್ಟಿಶನ್ (ಡಿಸ್ಕಿನ ಒಂದು ಪಾಲು) ಓದಲು ಬರುತ್ತದೆ. ಹಾಗಾಗಿ ಇಲ್ಲಿ ಬೂಟ್ ಲೋಡರ್ ಅಂದರೆ ಇಎಫ್‌ಐ ಸಿಸ್ಟಮ್ ಪಾರ್ಟಿಶನ್, ಚಿಕ್ಕದಾಗಿ ಇಎಸ್‌ಪಿ, ಎಂಬಲ್ಲಿ ಕೂತಿರುವ ಒಂದು ಸಾಮಾನ್ಯ ಫೈಲು. ಆ ಫೈಲು ಎಲ್ಲಿದೆ, ಯಾವುದನ್ನು ಮೊದಲು ಓಡಿಸಬೇಕು ಎಂಬ ದಾಖಲೆ ಮದರ್‌ಬೋರ್ಡಿನ ಎನ್‌ವಿರ‍್ಯಾಮ್ ಎಂಬ, ಕರೆಂಟು ಹೋದರೂ ಉಳಿಯುವ ನೆನಪಿನಲ್ಲಿರುತ್ತದೆ.

ಫೈಲು ಡಿಸ್ಕಿನಲ್ಲಿ, ದಾಖಲೆ ಬೋರ್ಡಿನಲ್ಲಿ. ಎರಡೂ ಸರಿಯಿದ್ದರೆ ಯಂತ್ರ ಏಳುತ್ತದೆ. ನಮ್ಮಲ್ಲಿಗೆ ಬರುವ ಬಹುಪಾಲು ಕೇಸುಗಳಲ್ಲಿ ಇವೆರಡರಲ್ಲಿ ಒಂದು ಕೆಟ್ಟಿರುತ್ತದೆ. ಕೆಟ್ಟಿದ್ದು ಯಾವುದು ಎಂದು ನೋಡದೆ ಪೂರ್ತಿ ಫಾರ್ಮ್ಯಾಟ್ ಹೊಡೆಯುವುದು ನಮ್ಮ ಕಸುಬಿನವರದೇ ಕೆಟ್ಟ ಚಾಳಿ.

ನನ್ನ ಕಂಪ್ಯೂಟರು ಯಾವ ನಮೂನೆಯಲ್ಲಿ ಶುರು ಆಗ್ತಾ ಉಂಟು ಅಂತ ನೋಡೂದು ಹೇಗೆ?

ವಿಂಡೋಸ್ ಇದ್ದರೆ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಎಂಎಸ್‌ಇನ್ಫೋ32 ಎಂದು ಬರೆದು ಎಂಟರ್ ಕೊಡಿ. "ಬಯೋಸ್ ಮೋಡ್" ಎಂಬ ಸಾಲಿನ ಎದುರು ಯುಇಎಫ್‌ಐ ಎಂದಿದೆಯೋ ಲೆಗಸಿ ಎಂದಿದೆಯೋ ನೋಡಿ. ಲಿನಕ್ಸ್‌ನಲ್ಲಾದರೆ /ಸಿಸ್/ಫರ್ಮ್‌ವೇರ್/ಇಎಫ್‌ಐ ಎಂಬ ಫೋಲ್ಡರ್ ಇದೆಯೇ ನೋಡಿ. ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ, ಅಂದರೆ ಹಳೇ ಬಯೋಸ್ ನಮೂನೆ.

ಇದು ಹೇಳುವುದು ಈ ಸಲ ಯಂತ್ರ ಹೇಗೆ ಶುರುವಾಯಿತು ಎಂದಷ್ಟೇ. ಸಿಎಸ್‌ಎಂ ಎಂಬ ಹೊಂದಾಣಿಕೆ ಸೌಲಭ್ಯ ಇರುವ ಬೋರ್ಡುಗಳು ಎರಡೂ ನಮೂನೆಯಲ್ಲಿ ಏಳಬಲ್ಲವು.

ಬೂಟ್ ಲೋಡರ್ ಬೇಕೇ ಬೇಕಾ? ಫರ್ಮ್‌ವೇರೇ ಸೀದಾ ಲಿನಕ್ಸ್ ಶುರು ಮಾಡೂದಿಲ್ವಾ?

ಮಾಡುತ್ತದೆ. ಈಗಿನ ಲಿನಕ್ಸ್ ಕರ್ನಲನ್ನೇ (ಲಿನಕ್ಸಿನ ತಿರುಳಾದ ಪ್ರೋಗ್ರಾಮು) ಇಎಫ್‌ಐ ಫೈಲಿನಂತೆ ಓಡಿಸಬಹುದು. ಆದರೆ ಹಳೆಯ ಕರ್ನಲ್ ಆರಿಸಿಕೊಳ್ಳಲು, ವಿಂಡೋಸಿಗೆ ಹೋಗಲು, ತೊಂದರೆಯಾದಾಗ ಒಂದು ಆಯ್ಕೆ ಬದಲಿಸಿ ನೋಡಲು ಮೆನು ಇರಬೇಕು. ಮನೆ, ಅಂಗಡಿ, ಶಾಲೆಯ ಯಂತ್ರಕ್ಕೆ ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ ಎಂಬ ಲಿನಕ್ಸ್ ಬಗೆಗಳ ಜೊತೆಗೇ ಬರುವ ಗ್ರಬ್ ಎಂಬ ಬೂಟ್ ಲೋಡರ್ ಸಾಕು.

ಮಂಡಿ ಲೆಕ್ಕಕ್ಕೆ ಟ್ಯಾಲಿ, ಟೈಪಿಂಗಿಗೆ ನುಡಿ, ಎರಡೂ ವಿಂಡೋಸಲ್ಲೇ ಉಂಟು. ಅದನ್ನ ಮುಟ್ಟದೇ ಲಿನಕ್ಸ್ ಹಾಕ್ಬಹುದಾ?

ಹಾಕಬಹುದು. ಹೆಚ್ಚಿನವರಿಗೆ ನಾನು ಹೇಳುವುದೂ ಅದನ್ನೇ. ಲಿನಕ್ಸ್‌ನಲ್ಲಿ ನುಡಿಯದೇ ಕೆಜಿಪಿ ಕೀಲಿಮಣೆ ಸಿಗುವುದರಿಂದ ನುಡಿಗೆ ಒಗ್ಗಿದ ಬೆರಳಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ. ಆದರೆ ಹಳೆಯ ನುಡಿ ಫಾಂಟಿನ ಡಿಟಿಪಿ ಕಡತಗಳಿಗೆ ವಿಂಡೋಸ್ ಉಳಿಸಿಕೊಳ್ಳುವುದೇ ಕ್ಷೇಮ.

ಹಾಕುವ ಮೊದಲು ಮೂರು ಕೆಲಸ ಮುಗಿಸಿ. ಒಂದು, ಲೆಕ್ಕದ ಫೋಲ್ಡರನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಅಡಿಕೆ ಸೀಸನ್ನಿನ ಮಧ್ಯೆ ಈ ಕೆಲಸಕ್ಕೆ ಕೈ ಹಾಕುವುದೇ ಬೇಡ. ಎರಡು, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ. ನೀವು ಹಾಕದಿದ್ದರೂ ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ತಾನಾಗಿ ಚಾಲೂ ಆಗಿರುವುದುಂಟು. 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪಿನಲ್ಲಿ ಫೋಟೋ ತೆಗೆದಿಟ್ಟರೆ ಉಪಯೋಗವಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ, ಆದರೆ ಹಾಗೆ ಇಟ್ಟವರಿದ್ದಾರೆ. ಮೂರು, ಪವರ್ ಆಯ್ಕೆಗಳಲ್ಲಿ "ಫಾಸ್ಟ್ ಸ್ಟಾರ್ಟಪ್" ಬಂದ್ ಮಾಡಿ. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗಲೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ, ಅದರ ಪಾರ್ಟಿಶನ್ನಿಗೆ ಲಿನಕ್ಸ್‌ನಿಂದ ಬರೆಯಲು ಆಗುವುದಿಲ್ಲ.

ಜಾಗ ಬಿಡಿಸುವುದನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಮಾಡಿ. ಬಿಡಿಸಿದ ಜಾಗವನ್ನು ಖಾಲಿ ಬಿಡಿ, ಅಲ್ಲಿ ಡ್ರೈವ್ ಮಾಡಿ ಡಿ, ಇ ಎಂದು ಹೆಸರಿಡಬೇಡಿ.

## ಇನ್‌ಸ್ಟಾಲ್ ಮಾಡುವಾಗ

ಬೂಟ್ ಮೆನುವಲ್ಲಿ ನನ್ನ ಪೆನ್‌ಡ್ರೈವು ಎರಡೆರಡು ಸಲ ಕಾಣ್ತದೆ. ಯಾವುದನ್ನ ಒತ್ತಬೇಕು?

ಹೆಸರಿನ ಹಿಂದೆ "ಯುಇಎಫ್‌ಐ" ಎಂದಿರುವುದನ್ನು. ಇನ್ನೊಂದು ಅದೇ ಪೆನ್‌ಡ್ರೈವನ್ನು ಹಳೇ ಬಯೋಸ್ ನಮೂನೆಯಲ್ಲಿ ಎಬ್ಬಿಸುವ ದಾರಿ.

ಇಡೀ ಇನ್‌ಸ್ಟಾಲಿನಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಪೆನ್‌ಡ್ರೈವ್ ಯಾವ ನಮೂನೆಯಲ್ಲಿ ಎದ್ದಿತೋ ಇನ್‌ಸ್ಟಾಲರ್ ಅದೇ ನಮೂನೆಯ ಬೂಟ್ ಲೋಡರ್ ಹಾಕುತ್ತದೆ. ವಿಂಡೋಸ್ ಯುಇಎಫ್‌ಐಯಲ್ಲಿದ್ದು ನೀವು ಲೆಗಸಿಯಲ್ಲಿ ಲಿನಕ್ಸ್ ಹಾಕಿದರೆ ಎರಡೂ ತಮ್ಮಷ್ಟಕ್ಕೆ ಸರಿಯಾಗೇ ಇರುತ್ತವೆ. ಆದರೆ ಒಂದರ ಮೆನುವಿನಿಂದ ಇನ್ನೊಂದಕ್ಕೆ ಹೋಗಲು ಬರುವುದಿಲ್ಲ, ಪ್ರತಿ ಸಲ ಸೆಟಪ್‌ಗೆ ಹೋಗಿ ಬದಲಿಸಬೇಕು. ಲೈವ್ ಪರದೆ (ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್) ಬಂದ ಕೂಡಲೇ, ಇನ್‌ಸ್ಟಾಲ್ ಗುಂಡಿ ಒತ್ತುವ ಮೊದಲು, ಆಜ್ಞೆ ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆದು /ಸಿಸ್/ಫರ್ಮ್‌ವೇರ್/ಇಎಫ್‌ಐ ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ ರೀಸ್ಟಾರ್ಟ್ ಮಾಡಿ.

ಯುಇಎಫ್‌ಐ ಆಯ್ಕೆ ಕಾಣಿಸದೇ ಹೋದರೆ ಪೆನ್‌ಡ್ರೈವ್ ತಯಾರಿಸಿದ ರೀತಿ ತಪ್ಪಿರಬೇಕು. ಪೆನ್‌ಡ್ರೈವ್ ತಯಾರಿಸಲು ರೂಫಸ್ ಪ್ರೋಗ್ರಾಮು ಬಳಸುವವರು ಪಾರ್ಟಿಶನ್ ಮಾದರಿ ಜಿಪಿಟಿ, ಗುರಿ ಯುಇಎಫ್‌ಐ ಎಂದು ಆರಿಸಿ ಮತ್ತೆ ಬರೆಯಿರಿ. ಯಂತ್ರ ಶುರುವಾಗುವಾಗ ಒತ್ತುವ ಬೂಟ್ ಮೆನುವಿನ ಕೀ ಹೆಚ್ಚಾಗಿ ಎಫ್12, ಎಫ್9 ಅಥವಾ ಎಸ್ಕೇಪ್ ಆಗಿರುತ್ತದೆ.

ಇಎಸ್‌ಪಿ ಬೇರೆ ಮಾಡ್ಕೊಳ್ಬೇಕಾ, ವಿಂಡೋಸಿನದ್ದೇ ನಡೀತದಾ?

ವಿಂಡೋಸಿನದ್ದೇ ನಡೆಯುತ್ತದೆ. ಅಲ್ಲಿ ಇಎಫ್‌ಐ ಎಂಬ ಫೋಲ್ಡರಿನ ಒಳಗೆ ಮೈಕ್ರೋಸಾಫ್ಟ್, ಉಬುಂಟು, ಫೆಡೋರಾ ಎಂದು ಒಬ್ಬೊಬ್ಬರಿಗೂ ಬೇರೆ ಫೋಲ್ಡರು. ಯಾರೂ ಇನ್ನೊಬ್ಬರ ಗಡಿ ದಾಟುವುದಿಲ್ಲ. (ಊರಲ್ಲಿ ಅಣ್ಣತಮ್ಮಂದಿರ ತೋಟದ ಪಾಲು ಇಷ್ಟು ಸಲೀಸಾಗಿ ಆಗಿದ್ದು ನೋಡಿಲ್ಲ.)

ವಿಂಡೋಸ್ ಮಾಡಿಕೊಳ್ಳುವ ಇಎಸ್‌ಪಿ ಸಾಮಾನ್ಯವಾಗಿ 100 ಎಂಬಿ. ಗ್ರಬ್‌ಗೆ ಅಷ್ಟು ಧಾರಾಳವಾಯಿತು, ಯಾಕೆಂದರೆ ಅದರ ಫೈಲುಗಳು ಕೆಲವೇ ಎಂಬಿ, ಕರ್ನಲ್‌ಗಳು ಲಿನಕ್ಸಿನ ಪಾರ್ಟಿಶನ್ನಿನಲ್ಲೇ ಇರುತ್ತವೆ. ಕರ್ನಲನ್ನೂ ಇಎಸ್‌ಪಿಯಲ್ಲಿಡುವ ಸಿಸ್ಟಮ್‌ಡಿ-ಬೂಟ್ ತರಹದ್ದು ಹಾಕುವುದಾದರೆ 100 ಎಂಬಿ ಬೇಗ ತುಂಬಿಹೋಗುತ್ತದೆ. ಖಾಲಿ ಡಿಸ್ಕಿನಲ್ಲಿ ಹೊಸದಾಗಿ ಮಾಡುವವರು ಫ್ಯಾಟ್32 ಮಾದರಿಯಲ್ಲಿ 512 ಎಂಬಿ ಇಡಿ, ಸಾಧ್ಯವಾದರೆ 1 ಜಿಬಿ. ಪಾರ್ಟಿಶನ್ನಿನ ಬಗೆ "ಇಎಫ್‌ಐ ಸಿಸ್ಟಮ್" ಎಂದೇ ಇರಬೇಕು. ಬರೀ ಫ್ಯಾಟ್32 ಮಾಡಿ ಬಗೆ ಬದಲಿಸದೆ ಬಿಟ್ಟರೆ ಇನ್‌ಸ್ಟಾಲರಿಗೆ ಅದು ಗುರುತು ಸಿಗುವುದಿಲ್ಲ.

ಆ ಇಎಸ್‌ಪಿಯನ್ನ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತಾ ಉಂಟು. ಎಂತ ಹೇಳೂದು?

ಬೇಡ ಅನ್ನಿ. ಅದರಲ್ಲಿ ವಿಂಡೋಸಿನ ಬೂಟ್ ಲೋಡರೂ ಇದೆ, ಅಳಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲೇ ಇನ್ನೊಂದು ಲಿನಕ್ಸ್ ಇದ್ದವರಿಗೆ ಮತ್ತೊಂದು ಪೆಟ್ಟು ಬೀಳುತ್ತದೆ: ಫಾರ್ಮ್ಯಾಟ್ ಆದ ಕೂಡಲೇ ಪಾರ್ಟಿಶನ್ನಿನ ಎಂಟಕ್ಷರದ ಗುರುತಿನ ಸಂಖ್ಯೆ ಬದಲಾಗುತ್ತದೆ. ಆ ಹಳೆಯ ಲಿನಕ್ಸಿನ /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲು (ಯಾವ ಪಾರ್ಟಿಶನ್ ಎಲ್ಲಿ ಜೋಡಿಸಬೇಕೆಂಬ ಪಟ್ಟಿ) ಹಳೇ ಸಂಖ್ಯೆಯನ್ನೇ ಹುಡುಕುತ್ತ ಕೂತು, ಕೊನೆಗೆ "ಎಮರ್ಜೆನ್ಸಿ ಮೋಡ್" ಎಂಬ ಕಪ್ಪು ಪರದೆಗೆ ಇಳಿಸುತ್ತದೆ. ಜನ ಡಿಸ್ಕ್ ಹೋಯಿತೆಂದು ಹೊಸದು ಕೊಳ್ಳಲು ಹೊರಡುತ್ತಾರೆ. ಎಫ್‌ಎಸ್‌ಟ್ಯಾಬ್‌ನ ಒಂದೇ ಸಾಲಿನಲ್ಲಿ ಹೊಸ ಸಂಖ್ಯೆ ಬರೆದರೆ ಸರಿಹೋಗುತ್ತದೆ.

ಬೂಟ್ ಲೋಡರನ್ನ ಎಸ್‌ಡಿಎಗೆ ಹಾಕೂದಾ, ಎಸ್‌ಡಿಎ1ಕ್ಕೆ ಹಾಕೂದಾ?

ಲಿನಕ್ಸ್‌ನಲ್ಲಿ ಎಸ್‌ಡಿಎ ಅಂದರೆ ಇಡೀ ಡಿಸ್ಕು, ಎಸ್‌ಡಿಎ1 ಅದರ ಮೊದಲ ಪಾರ್ಟಿಶನ್. ಬಯೋಸ್ ಕಾಲದಲ್ಲಿ ಇದು ದೊಡ್ಡ ಪ್ರಶ್ನೆ. ಯುಇಎಫ್‌ಐಯಲ್ಲಿ ಉತ್ತರ ಒಂದೇ, ಫೈಲು ಇಎಸ್‌ಪಿಗೆ ಹೋಗುತ್ತದೆ. ನೀವು ನೋಡಬೇಕಾದ್ದು ಇಎಸ್‌ಪಿಯ ಬಳಕೆ "ಇಎಫ್‌ಐ ಸಿಸ್ಟಮ್ ಪಾರ್ಟಿಶನ್" ಎಂದಿದೆಯೇ, ಅಥವಾ ಅದರ ಮೌಂಟ್ ಜಾಗ (ಜೋಡಿಸುವ ಫೋಲ್ಡರು) /ಬೂಟ್/ಇಎಫ್‌ಐ ಎಂದಿದೆಯೇ ಎಂಬುದನ್ನು.

ಎರಡು ಡಿಸ್ಕ್ ಇದ್ದವರಿಗೆ ಮಾತ್ರ ಒಂದು ಎಚ್ಚರಿಕೆ. ಉಬುಂಟುವಿನ ಹಳೆಯ ಇನ್‌ಸ್ಟಾಲರ್‌ಗೆ ನೀವು ಯಾವ ಡಿಸ್ಕ್ ಆರಿಸಿದರೂ ಮೊದಲ ಡಿಸ್ಕಿನ ಇಎಸ್‌ಪಿಗೇ ಬರೆಯುವ ಚಟವಿತ್ತು. ಯುಎಸ್‌ಬಿ ಡಿಸ್ಕಿಗೆ ಲಿನಕ್ಸ್ ಹಾಕಿಕೊಂಡು, ಅದನ್ನು ಕಿತ್ತ ಮೇಲೆ ಲ್ಯಾಪ್‌ಟಾಪು ಗ್ರಬ್ ಪರದೆಯಲ್ಲಿ ನಿಂತದ್ದು ಈ ಕಾರಣಕ್ಕೆ. ಹೊರಗಿನ ಡಿಸ್ಕಿಗೆ ಹಾಕುವಾಗ ಒಳಗಿನ ಡಿಸ್ಕಿನ ಕನೆಕ್ಷನ್ ತೆಗೆದಿಡಿ, ಇಲ್ಲವೇ ಸೆಟಪ್‌ನಲ್ಲಿ ಅದನ್ನು ಬಂದ್ ಮಾಡಿ.

ಸೆಕ್ಯೂರ್ ಬೂಟ್ ಬಂದ್ ಮಾಡ್ಲೇಬೇಕು ಅಂತಾರಲ್ಲ?

ಸೆಕ್ಯೂರ್ ಬೂಟ್ ಅಂದರೆ ನಂಬಿಕಸ್ಥರ ಸಹಿಯಿರುವ ಬೂಟ್ ಲೋಡರನ್ನು ಮಾತ್ರ ಓಡಲು ಬಿಡುವ ಫರ್ಮ್‌ವೇರಿನ ಕಾವಲು. ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ, ಓಪನ್‌ಸೂಸೆಗಳಿಗೆ ಬಂದ್ ಮಾಡುವುದು ಬೇಡ. ಇವು ಶಿಮ್ ಎಂಬ ಸಣ್ಣ ಲೋಡರನ್ನು ಮೈಕ್ರೋಸಾಫ್ಟಿನ ಸಹಿ ಹಾಕಿಸಿ ಕೊಡುತ್ತವೆ. ಫರ್ಮ್‌ವೇರ್ ಶಿಮ್ಮನ್ನು ನಂಬುತ್ತದೆ, ಶಿಮ್ ಗ್ರಬ್ಬನ್ನು, ಗ್ರಬ್ ಕರ್ನಲನ್ನು ಪರಿಶೀಲಿಸಿ ಮುಂದೆ ಬಿಡುತ್ತದೆ. ಆರ್ಚ್ ತರಹದ, ಸಹಿ ಇಲ್ಲದೆ ಬರುವವುಗಳಿಗೆ ಬಂದ್ ಮಾಡಬೇಕು, ಇಲ್ಲವೇ ನಿಮ್ಮದೇ ಕೀಲಿ ಹಾಕಿಕೊಳ್ಳಬೇಕು.

ಎನ್‌ವಿಡಿಯಾ ಗ್ರಾಫಿಕ್ಸ್ ಅಥವಾ ಕೆಲವು ವೈಫೈ ಡ್ರೈವರುಗಳಿಗೆ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ "ಎನ್‌ರೋಲ್ ಮೋಕ್" ಎಂದು ಬರುತ್ತದೆ. ಅಲ್ಲಿ ಅದೇ ಪಾಸ್‌ವರ್ಡ್ ಕೊಡಬೇಕು. ಕೆಲವೇ ಸೆಕೆಂಡು ಕಾಯುತ್ತದೆ, ಚಹಾ ಕುಡಿದು ಬರುವಷ್ಟರಲ್ಲಿ ಹೋಗಿರುತ್ತದೆ. ತಪ್ಪಿಹೋದರೆ ವೈಫೈ ಬಾರದೆ "ಲಿನಕ್ಸ್ ಸರಿಯಿಲ್ಲ" ಎಂಬ ಮಾತು ಶುರು.

ಸೆಕ್ಯೂರ್ ಬೂಟ್ ಬಂದ್ ಮಾಡಲೇಬೇಕಾದರೆ ಬಿಟ್‌ಲಾಕರ್ ಕೀ ಕೈಯಲ್ಲಿದ್ದರೆ ಮಾತ್ರ ಮಾಡಿ. ಮುಂದಿನ ಸಲ ವಿಂಡೋಸ್ ಅದನ್ನು ಕೇಳುವ ಸಾಧ್ಯತೆ ಹೆಚ್ಚು.

ಇನ್‌ಸ್ಟಾಲರಿಗೆ ಪೆನ್‌ಡ್ರೈವ್ ಬಿಟ್ರೆ ಬೇರೆ ಡಿಸ್ಕೇ ಕಾಣ್ತಿಲ್ಲ!

ಇಂಟೆಲ್ ಯಂತ್ರವಾದರೆ ಸೆಟಪ್‌ನಲ್ಲಿ ಡಿಸ್ಕ್ ನಮೂನೆ ಆರ್‌ಎಸ್‌ಟಿ, ರೇಡ್ ಅಥವಾ ವಿಎಂಡಿ ಎಂದಿರಬಹುದು. ಅದನ್ನು ಎಎಚ್‌ಸಿಐಗೆ ಬದಲಿಸಿದರೆ, ಅಥವಾ ವಿಎಂಡಿ ಬಂದ್ ಮಾಡಿದರೆ, ಕಾಣಿಸುತ್ತದೆ. ಆದರೆ ಸೀದಾ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಬೀಳುತ್ತದೆ. ಮೊದಲು ವಿಂಡೋಸಿನಲ್ಲಿ ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಶುರುವಾಗುವಂತೆ ಹೊಂದಿಸಿ, ರೀಸ್ಟಾರ್ಟ್ ಮಾಡಿ ಸೆಟಪ್‌ನಲ್ಲಿ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಂದು ಸಲ ಎದ್ದ ಮೇಲೆ ಆ ಹೊಂದಾಣಿಕೆ ತೆಗೆಯಿರಿ.

ಮಳೆಗಾಲ, ಇನ್‌ಸ್ಟಾಲ್ ಅರ್ಧ ಆಗಿತ್ತು, ಕರೆಂಟು ಹೋಯ್ತು. ಎಲ್ಲ ಹೋಯ್ತಾ?

ಎಲ್ಲಿ ನಿಂತಿತು ಎಂಬುದರ ಮೇಲಿದೆ. ಫೈಲು ಕಾಪಿ ಆಗುವಾಗ ಹೋದರೆ ವಿಂಡೋಸಿಗೆ ಏನೂ ಆಗಿರುವುದಿಲ್ಲ, ಮತ್ತೆ ಮೊದಲಿನಿಂದ ಮಾಡಿದರಾಯಿತು. ಪಾರ್ಟಿಶನ್ ಕಿರಿದು ಮಾಡುವಾಗ ಹೋದರೆ ಡೇಟಾಗೇ ಅಪಾಯ. ಕೊನೆಯಲ್ಲಿ ಬೂಟ್ ಲೋಡರ್ ಬರೆಯುವಾಗ ಹೋದರೆ ಇಎಸ್‌ಪಿ ಹಾಳಾಗಬಹುದು. ಫ್ಯಾಟ್32ಕ್ಕೆ ಜರ್ನಲ್ ಇಲ್ಲ, ಅರ್ಧ ಬರೆದದ್ದನ್ನು ತಾನೇ ಸರಿಪಡಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಲೈವ್ ಪೆನ್‌ಡ್ರೈವಿನಿಂದ ಪಾರ್ಟಿಶನ್ ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಆಜ್ಞೆ ಓಡಿಸಿ, ಬೂಟ್ ಲೋಡರ್ ಮತ್ತೆ ಹಾಕಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂಕೋಲಾ-ಕಾರವಾರದ ಕರಾವಳಿಯಾಗಲಿ ಯಲ್ಲಾಪುರ-ಸಿದ್ದಾಪುರದ ಘಟ್ಟದ ಮೇಲಾಗಲಿ, ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದೆ ಈ ಕೆಲಸ ಬೇಡ. ಲ್ಯಾಪ್‌ಟಾಪಿಗೆ ಬ್ಯಾಟರಿ ತುಂಬಿರಲಿ. ಫರ್ಮ್‌ವೇರ್ ಅಪ್‌ಡೇಟನ್ನಂತೂ ಗುಡುಗುವ ದಿನ ಮಾಡಲೇಬೇಡಿ, ಅದು ಮಧ್ಯೆ ನಿಂತರೆ ಬೋರ್ಡೇ ಏಳದೇ ಹೋಗಬಹುದು.

## ಹಾಕಿದ ಮೇಲಿನ ತೊಂದರೆಗಳು

ಇನ್‌ಸ್ಟಾಲ್ ಸರಿ ಆಯ್ತು ಅಂತ ಹೇಳ್ತು. ರೀಸ್ಟಾರ್ಟ್ ಮಾಡಿದ್ರೆ ಸೀದಾ ವಿಂಡೋಸೇ ಬರ್ತದಲ್ಲ ಮಾರಾಯ್ರೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿಸಿ ಸಿಪಿಯು ತರುವ ಮೊದಲು ಇಷ್ಟು ಮಾಡಿ ನೋಡಿ.

ಮೊದಲು ಬೂಟ್ ಮೆನುವಿನ ಕೀ ಒತ್ತಿ. ಪಟ್ಟಿಯಲ್ಲಿ ಉಬುಂಟು ಅಥವಾ ನೀವು ಹಾಕಿದ್ದರ ಹೆಸರಿದ್ದು, ಆರಿಸಿದಾಗ ಶುರುವಾದರೆ ಫೈಲೂ ಸರಿ, ದಾಖಲೆಯೂ ಸರಿ, ಸರದಿ ಮಾತ್ರ ತಪ್ಪು. ಸೆಟಪ್‌ನ ಬೂಟ್ ಪುಟದಲ್ಲಿ ಅದನ್ನು ಮೇಲಕ್ಕೆ ತನ್ನಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಸರದಿ ಒಂದು ಕಡೆ, ಆ ಡಿಸ್ಕಿನೊಳಗಿನ ಬೂಟ್ ಲೋಡರುಗಳ ಸರದಿ ಇನ್ನೊಂದು ಉಪಮೆನುವಿನಲ್ಲಿ ಇರುತ್ತದೆ. ಎರಡನೆಯದನ್ನು ಹುಡುಕಿ.

ಸೆಟಪ್‌ನಲ್ಲಿ ದಾರಿ ಸಿಗದಿದ್ದರೆ ಲೈವ್ ಪೆನ್‌ಡ್ರೈವಿನಿಂದ ಎದ್ದು, ಟರ್ಮಿನಲ್‌ನಲ್ಲಿ ಮುಂದೆ ಸುಡೊ (ಅಡ್ಮಿನಿಸ್ಟ್ರೇಟರ್ ಅಧಿಕಾರಕ್ಕೆ) ಸೇರಿಸಿ ಇಎಫ್‌ಐಬೂಟ್‌ಎಂಜಿಆರ್ ಎಂಬ ಆಜ್ಞೆ ಕೊಡಿ. ಹೀಗೆ ಕಾಣುತ್ತದೆ:

ಬೂಟ್‌ಕರೆಂಟ್: 2001
ಬೂಟ್‌ಆರ್ಡರ್: 0000,0003,2001
ಬೂಟ್0000* ವಿಂಡೋಸ್ ಬೂಟ್ ಮ್ಯಾನೇಜರ್
ಬೂಟ್0003* ಉಬುಂಟು
ಬೂಟ್2001* ಇಎಫ್‌ಐ ಯುಎಸ್‌ಬಿ ಡಿವೈಸ್

ಮೊದಲ ಸಾಲು ಈಗ ಯಾವುದರಿಂದ ಎದ್ದಿದೆ ಎಂದು ಹೇಳುತ್ತದೆ, ಇಲ್ಲಿ ಪೆನ್‌ಡ್ರೈವಿನಿಂದ. ಎರಡನೆಯದು ಸರದಿ: ಮೊದಲು 0000, ಅಂದರೆ ವಿಂಡೋಸ್. ನಕ್ಷತ್ರ ಇದ್ದರೆ ಆ ದಾಖಲೆ ಚಾಲ್ತಿಯಲ್ಲಿದೆ ಎಂದರ್ಥ. ಅದೇ ಆಜ್ಞೆಗೆ -ಒ ಸೇರಿಸಿ 0003,0000 ಎಂದು ಕೊಟ್ಟರೆ ಉಬುಂಟು ಮುಂದೆ ಬರುತ್ತದೆ.

ಉಬುಂಟು ಸಾಲೇ ಇಲ್ಲವಾದರೆ ದಾಖಲೆ ಬರೆದೇ ಇಲ್ಲ. ಇಎಸ್‌ಪಿಯಲ್ಲಿ ಇಎಫ್‌ಐ/ಉಬುಂಟು ಫೋಲ್ಡರಿನೊಳಗೆ ಶಿಮ್‌ಎಕ್ಸ್64.ಇಎಫ್‌ಐ ಫೈಲು ಇದೆಯೇ ನೋಡಿ. ಇದ್ದರೆ ಅದೇ ಆಜ್ಞೆಯಿಂದ ದಾಖಲೆಯೊಂದನ್ನು ಹೊಸದಾಗಿ ಮಾಡಿದರೆ ಮುಗಿಯಿತು: -ಸಿ ಹೊಸ ದಾಖಲೆಗೆ, -ಡಿ ಡಿಸ್ಕಿಗೆ, -ಪಿ ಇಎಸ್‌ಪಿಯ ನಂಬರಿಗೆ, -ಎಲ್ ಹೆಸರು ಮತ್ತು ಫೈಲಿನ ದಾರಿಗೆ. ಎಲ್ ದೊಡ್ಡಕ್ಷರವಾದರೆ ಹೆಸರು, ಚಿಕ್ಕಕ್ಷರವಾದರೆ ದಾರಿ. ದಾರಿಯಲ್ಲಿ ವಿಂಡೋಸಿನ ಹಾಗೆ ಹಿಂಬದಿಗೆ ಬಾಗಿದ ಗೆರೆ ಬಳಸಿ, ಉದ್ಧರಣ ಚಿಹ್ನೆಯೊಳಗೆ ಇಡಿ.

ಕೊನೆಯ ಬಗೆ ಹಟಮಾರಿ ಫರ್ಮ್‌ವೇರ್. ನೀವು ಸರದಿ ಬದಲಿಸಿದ್ದನ್ನು ಒಪ್ಪಿದಂತೆ ತೋರಿಸಿ, ರೀಸ್ಟಾರ್ಟ್ ಆದ ಮೇಲೆ ಮತ್ತೆ ವಿಂಡೋಸನ್ನೇ ಮುಂದಿಡುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಸೆಟಪ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿ, ಸೆಕ್ಯೂರಿಟಿ ಪುಟದಲ್ಲಿ ಶಿಮ್ ಫೈಲನ್ನು ನಂಬಿಕಸ್ಥ ಎಂದು ಆರಿಸಬೇಕು. ಅದೂ ಇಲ್ಲದಿದ್ದರೆ ವಿಂಡೋಸಿನಲ್ಲಿ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್ ತೆರೆದು, ಬಿಸಿಡಿಎಡಿಟ್ ಆಜ್ಞೆಯಿಂದ ಬೂಟ್‌ಎಂಜಿಆರ್‌ನ ದಾರಿಯನ್ನೇ ಶಿಮ್ ಫೈಲಿಗೆ ತಿರುಗಿಸಬಹುದು. ಆಗ ಫರ್ಮ್‌ವೇರ್ ವಿಂಡೋಸ್ ಎಂದುಕೊಂಡೇ ಗ್ರಬ್ ಎಬ್ಬಿಸುತ್ತದೆ. ಮೈಕ್ರೋಸಾಫ್ಟ್ ಫೋಲ್ಡರಿನ ಮೂಲ ಫೈಲಿನ ಹೆಸರು ಬದಲಿಸಿ ಗ್ರಬ್ ತುರುಕುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಮುಂದಿನ ವಿಂಡೋಸ್ ಅಪ್‌ಡೇಟ್ ಅದರ ಮೇಲೆಯೇ ಬರೆದುಬಿಡಬಹುದು.

ಈಗ ಉಲ್ಟಾ. ಗ್ರಬ್ ಮೆನು ಬಂತು, ವಿಂಡೋಸ್ ಕಾಣ್ತಿಲ್ಲ.

ಹೆದರಬೇಡಿ, ವಿಂಡೋಸ್ ಎಲ್ಲೂ ಹೋಗಿಲ್ಲ. ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ 2021ರ ಗ್ರಬ್ 2.06ರಿಂದ ತಾನಾಗಿ ಓಡುವುದಿಲ್ಲ. /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲಿನಲ್ಲಿ "ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್" ಸಾಲನ್ನು ಫಾಲ್ಸ್ ಮಾಡಿ, ಅಪ್‌ಡೇಟ್-ಗ್ರಬ್ ಕೊಡಿ.

ಬಿಟ್‌ಲಾಕರ್ ಇದ್ದವರು ವಿಂಡೋಸಿಗೆ ಗ್ರಬ್ ಮೂಲಕ ಹೋದರೆ ರಿಕವರಿ ಕೀ ಕೇಳಬಹುದು, ಯಾಕೆಂದರೆ ಬೂಟ್ ಆದ ದಾರಿಯನ್ನು ಟಿಪಿಎಂ ಎಂಬ ಭದ್ರತಾ ಚಿಪ್ ಲೆಕ್ಕವಿಟ್ಟಿರುತ್ತದೆ. ಅಂಥವರು ಬೂಟ್ ಮೆನುವಿನ ಕೀ ಒತ್ತಿ ವಿಂಡೋಸ್ ಆರಿಸುವುದು ಒಳ್ಳೆಯದು.

ಕಪ್ಪು ಪರದೆ ಮೇಲೆ "ಗ್ರಬ್" ಅಂತ ಬಂದು ಕರ್ಸರ್ ಮಿಟುಕ್ತಾ ಕೂತಿದೆ.

ಸಾಮಾನ್ಯವಾಗಿ ಯಾರೋ ವಿಂಡೋಸಿನಿಂದ ಲಿನಕ್ಸ್ ಪಾರ್ಟಿಶನ್ ಅಳಿಸಿರುತ್ತಾರೆ, ಅಥವಾ ಅದರ ಗುರುತಿನ ಸಂಖ್ಯೆ ಬದಲಾಗಿರುತ್ತದೆ. ಇಎಸ್‌ಪಿಯಲ್ಲಿರುವ ಗ್ರಬ್ ಎದ್ದಿದೆ, ಅದಕ್ಕೆ ತನ್ನ ಮೆನು ಸಿಕ್ಕಿಲ್ಲ. ಉಬುಂಟುವಿನಲ್ಲಿ ಇಎಸ್‌ಪಿಯೊಳಗಿನ ಗ್ರಬ್.ಸಿಎಫ್‌ಜಿ ಬರೀ ಮೂರು ಸಾಲಿನದು: ಇಂಥ ಸಂಖ್ಯೆಯ ಪಾರ್ಟಿಶನ್ ಹುಡುಕು, ಅದರಲ್ಲಿ ಬೂಟ್/ಗ್ರಬ್ ಫೋಲ್ಡರಿಗೆ ಹೋಗು, ಅಲ್ಲಿನ ನಿಜವಾದ ಮೆನು ಓದು. ಪಾರ್ಟಿಶನ್ನೇ ಇಲ್ಲದಿದ್ದರೆ ಹೀಗೆ ನಿಂತುಬಿಡುತ್ತದೆ.

ತುರ್ತಿಗೆ ಎಕ್ಸಿಟ್ ಎಂದು ಬರೆದು ಎಂಟರ್ ಕೊಡಿ. ಫರ್ಮ್‌ವೇರ್ ಸರದಿಯಲ್ಲಿ ಮುಂದಿನದಕ್ಕೆ ಹೋಗುತ್ತದೆ, ಹೆಚ್ಚಾಗಿ ವಿಂಡೋಸ್ ಏಳುತ್ತದೆ. ಲಿನಕ್ಸ್ ಇನ್ನೂ ಇದೆ ಎಂಬ ಖಾತ್ರಿಯಿದ್ದರೆ ಎಲ್‌ಎಸ್ ಎಂದು ಬರೆದು ಪಾರ್ಟಿಶನ್ನುಗಳ ಪಟ್ಟಿ ನೋಡಿ, ಒಂದೊಂದರಲ್ಲೂ ಬೂಟ್/ಗ್ರಬ್ ಹುಡುಕಿ. ಸಿಕ್ಕ ಕಡೆಯ ಗ್ರಬ್.ಸಿಎಫ್‌ಜಿಯನ್ನು ಕಾನ್ಫಿಗ್‌ಫೈಲ್ ಆಜ್ಞೆಗೆ ಕೊಟ್ಟರೆ ಮೆನು ಬರುತ್ತದೆ. ಲಿನಕ್ಸ್‌ಗೆ ಹೋದ ಕೂಡಲೇ ಗ್ರಬ್-ಇನ್‌ಸ್ಟಾಲ್ ಮತ್ತೆ ಓಡಿಸಿ.

ವಿಂಡೋಸ್ ಅಪ್‌ಡೇಟ್ ಆಯ್ತು, ಲಿನಕ್ಸ್ ಹೋಯ್ತು. ವಿಂಡೋಸು ಅಳಿಸ್ತಾ?

ಅಳಿಸುವುದಿಲ್ಲ. ದೊಡ್ಡ ಅಪ್‌ಡೇಟ್ ಆದಾಗ ಸರದಿಯಲ್ಲಿ ವಿಂಡೋಸ್ ಮತ್ತೆ ಮುಂದೆ ಬಂದಿರಬಹುದು, ಬೂಟ್ ಮೆನುವಿನಿಂದ ಸರಿಮಾಡಿ. 2024ರ ಆಗಸ್ಟಿನಲ್ಲಿ ಆದದ್ದು ಬೇರೆ ಬಗೆ. ಆಗಿನ ಅಪ್‌ಡೇಟ್ ಎಸ್‌ಬಿಎಟಿ ಎಂಬ ಪಟ್ಟಿಯ ಮೂಲಕ ಹಳೆಯ, ದೋಷವಿದ್ದ ಶಿಮ್‌ಗಳಿಗೆ ಸೆಕ್ಯೂರ್ ಬೂಟ್‌ನಲ್ಲಿ ತಡೆ ಹಾಕಿತು. ಡ್ಯುಯಲ್ ಬೂಟ್ (ವಿಂಡೋಸ್, ಲಿನಕ್ಸ್ ಎರಡೂ ಇರುವ) ಯಂತ್ರಗಳಿಗೆ ಅದು ತಾಗಬಾರದಿತ್ತು, ಆದರೆ ಹಲವಕ್ಕೆ ತಾಗಿತು. ಪರಿಹಾರ: ಸೆಕ್ಯೂರ್ ಬೂಟ್ ತಾತ್ಕಾಲಿಕ ಬಂದ್ ಮಾಡಿ ಲಿನಕ್ಸ್‌ಗೆ ಹೋಗಿ, ಶಿಮ್ ಮತ್ತು ಗ್ರಬ್ ಅಪ್‌ಡೇಟ್ ಮಾಡಿ, ಮತ್ತೆ ಚಾಲೂ ಮಾಡಿ. ಹಳೆಯ ಲೈವ್ ಪೆನ್‌ಡ್ರೈವ್ ಏಳದಿದ್ದರೂ ಕಾರಣ ಇದೇ ಇರಬಹುದು, ಹೊಸ ಐಎಸ್‌ಒ (ಇನ್‌ಸ್ಟಾಲರಿನ ಫೈಲು) ಬರೆದುಕೊಳ್ಳಿ.

ಲೈವ್ ಪೆನ್‌ಡ್ರೈವಿಂದ ಗ್ರಬ್ ಮತ್ತೆ ಹಾಕೂದು ಹೇಗೆ? ಪೂರ್ತಿ ಹೇಳಿ.

ಪೆನ್‌ಡ್ರೈವ್ ಯುಇಎಫ್‌ಐ ನಮೂನೆಯಲ್ಲೇ ಎದ್ದಿರಬೇಕು, ಇಲ್ಲದಿದ್ದರೆ ಎನ್‌ವಿರ‍್ಯಾಮ್‌ಗೆ ಬರೆಯಲು ಆಗುವುದೇ ಇಲ್ಲ. ಎಲ್‌ಎಸ್‌ಬಿಎಲ್‌ಕೆ -ಎಫ್ ಕೊಟ್ಟು ಲಿನಕ್ಸಿನ ಪಾರ್ಟಿಶನ್ ಯಾವುದು, ಇಎಸ್‌ಪಿ ಯಾವುದು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಲಿನಕ್ಸಿನ ಪಾರ್ಟಿಶನ್ನನ್ನು /ಎಂಎನ್‌ಟಿಗೆ ಮೌಂಟ್ ಮಾಡಿ. ಬೂಟ್‌ಗೆ ಬೇರೆ ಪಾರ್ಟಿಶನ್ ಇದ್ದರೆ ಅದನ್ನು /ಎಂಎನ್‌ಟಿ/ಬೂಟ್‌ಗೆ, ಆಮೇಲೆ ಇಎಸ್‌ಪಿಯನ್ನು /ಎಂಎನ್‌ಟಿ/ಬೂಟ್/ಇಎಫ್‌ಐಗೆ. ಈ ಕ್ರಮ ತಪ್ಪಬಾರದು. /ಡೆವ್, /ಪ್ರೋಕ್, /ಸಿಸ್ ಮೂರನ್ನೂ ಮೌಂಟ್ --ಆರ್‌ಬೈಂಡ್ ಕೊಟ್ಟು ಅದರೊಳಗೆ ತನ್ನಿ. ಬರೀ ಬೈಂಡ್ ಮಾಡಿದರೆ /ಸಿಸ್ ಒಳಗಿನ ಇಎಫ್‌ಐವಾರ್ಸ್ (ಬೋರ್ಡಿನ ದಾಖಲೆಗಳು ಕಾಣುವ ಫೋಲ್ಡರು) ಬರುವುದಿಲ್ಲ, ಕೊನೆಯಲ್ಲಿ ಇಎಫ್‌ಐ ವೇರಿಯೇಬಲ್ ಸಿಗಲಿಲ್ಲ ಎಂಬ ದೂರು ಬರುತ್ತದೆ.

ಈಗ ಸಿಎಚ್‌ರೂಟ್ /ಎಂಎನ್‌ಟಿ ಕೊಟ್ಟು ಡಿಸ್ಕಿನಲ್ಲಿರುವ ಲಿನಕ್ಸಿನ ಒಳಗೆ ಹೋಗಿ. ಒಳಗೆ ಹೋದ ಮೇಲೆ ಗ್ರಬ್-ಇನ್‌ಸ್ಟಾಲ್‌ಗೆ ಟಾರ್ಗೆಟ್ ಎಕ್ಸ್86_64-ಇಎಫ್‌ಐ, ಇಎಫ್‌ಐ-ಡೈರೆಕ್ಟರಿ /ಬೂಟ್/ಇಎಫ್‌ಐ ಎಂದು ಕೊಡಿ. ಆಮೇಲೆ ಅಪ್‌ಡೇಟ್-ಗ್ರಬ್. ಫೆಡೋರಾದಲ್ಲಿ ಮಾತ್ರ ಹೀಗೆ ಮಾಡಬೇಡಿ, ಅಲ್ಲಿ ಗ್ರಬ್-ಇನ್‌ಸ್ಟಾಲ್ ಸಹಿಯಿಲ್ಲದ ಫೈಲು ಹಾಕುತ್ತದೆ. ಅಲ್ಲಿನ ಡಿಎನ್‌ಎಫ್ ಆಜ್ಞೆಯಿಂದ ಶಿಮ್ ಮತ್ತು ಗ್ರಬ್2-ಇಎಫ್‌ಐ ಪ್ಯಾಕೇಜುಗಳನ್ನು ಮರುಸ್ಥಾಪಿಸಿ.

## ಇನ್ನೂ ಒಳಕ್ಕೆ

ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿದೆ. ಡಿಸ್ಕ್ ಕಾಣ್ತದೆ, ಲಿನಕ್ಸ್ ಏಳೂದಿಲ್ಲ.

ದಾಖಲೆ ಹಳೇ ಬೋರ್ಡಿನಲ್ಲೇ ಉಳಿಯಿತು. ಬೋರ್ಡ್ ಬದಲಿಸಿದಾಗಲೂ, ಕೆಲವು ಬೋರ್ಡುಗಳಲ್ಲಿ ನಾಣ್ಯದಂಥ ಸಿಆರ್2032 ಸೆಲ್ ಖಾಲಿಯಾದಾಗಲೂ ಹೀಗೇ ಆಗುತ್ತದೆ. ಕರಾವಳಿಯ ತೇವಕ್ಕೆ ಆ ಸೆಲ್ಲಿನ ಹಿಡಿಕೆ ಹಸಿರುಗಟ್ಟಿ ಸಂಪರ್ಕ ತಪ್ಪುವುದೂ ಉಂಟು. ದಿನಾಂಕ ತಪ್ಪು ತೋರಿಸುತ್ತಿದ್ದರೆ ಮೊದಲು ಅಲ್ಲಿ ನೋಡಿ.

ದಾಖಲೆ ಇಲ್ಲದಾಗ ಫರ್ಮ್‌ವೇರ್ ಇಎಸ್‌ಪಿಯ ಇಎಫ್‌ಐ/ಬೂಟ್ ಫೋಲ್ಡರಿನಲ್ಲಿ ಬೂಟ್‌ಎಕ್ಸ್64.ಇಎಫ್‌ಐ ಎಂಬ ಹೆಸರಿನ ಫೈಲು ಹುಡುಕುತ್ತದೆ. ಪೆನ್‌ಡ್ರೈವುಗಳು ಏಳುವುದು ಈ ದಾರಿಯಿಂದಲೇ. ಉಬುಂಟು, ಫೆಡೋರಾಗಳು ಅಲ್ಲಿ ಶಿಮ್‌ನ ಪ್ರತಿ ಮತ್ತು ಎಫ್‌ಬಿಎಕ್ಸ್64.ಇಎಫ್‌ಐ ಎಂಬ ಸಹಾಯಕನನ್ನು ಇಡುತ್ತವೆ. ಆ ಸಹಾಯಕ ಉಳಿದ ಫೋಲ್ಡರುಗಳಲ್ಲಿರುವ ಸಿಎಸ್‌ವಿ ಫೈಲು ಓದಿ ಕಳೆದುಹೋದ ದಾಖಲೆಗಳನ್ನು ತಾನೇ ಬರೆಯುತ್ತದೆ. ಡೆಬಿಯನ್‌ನಲ್ಲಿ ಗ್ರಬ್-ಇನ್‌ಸ್ಟಾಲ್‌ಗೆ --ರಿಮೂವಬಲ್ ಸೇರಿಸಿ ಓಡಿಸಿದರೆ ಗ್ರಬ್ ಈ ಜಾಗಕ್ಕೆ ಹೋಗುತ್ತದೆ. ಬೇರೆ ಬೇರೆ ಯಂತ್ರಕ್ಕೆ ಹಾಕಿ ತೆಗೆಯುವ ಡಿಸ್ಕಿಗೆ ಇದು ಇರಲೇಬೇಕು.

2026ಕ್ಕೆ ಸೆಕ್ಯೂರ್ ಬೂಟ್ ಸರ್ಟಿಫಿಕೇಟ್ ಅವಧಿ ಮುಗೀತದಂತೆ, ಕಂಪ್ಯೂಟರು ನಿಲ್ತದಾ?

ನಿಲ್ಲುವುದಿಲ್ಲ. ಮೈಕ್ರೋಸಾಫ್ಟಿನ 2011ರ ಸರ್ಟಿಫಿಕೇಟುಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತ ಹೋಗುತ್ತದೆ. ಬೂಟ್ ಆಗುವಾಗ ಫರ್ಮ್‌ವೇರ್ ಸಾಮಾನ್ಯವಾಗಿ ಆ ತಾರೀಕು ನೋಡುವುದಿಲ್ಲ, ಹಾಗಾಗಿ ಈಗಾಗಲೇ ಸಹಿಯಾದ ಶಿಮ್ ಏಳುತ್ತಲೇ ಇರುತ್ತದೆ. ಮುಂದೆ ಬರುವ ಶಿಮ್‌ಗಳಿಗೆ 2023ರ ಸರ್ಟಿಫಿಕೇಟಿನ ಸಹಿ ಇರುತ್ತದೆ, ಅದು ಬೋರ್ಡಿನಲ್ಲಿ ಇಲ್ಲದಿದ್ದರೆ ಹೊಸ ಪೆನ್‌ಡ್ರೈವು ಸೆಕ್ಯೂರ್ ಬೂಟ್‌ನಲ್ಲಿ ಏಳದಿರಬಹುದು. ಕಂಪನಿ ಕೊಡುವ ಫರ್ಮ್‌ವೇರ್ ಅಪ್‌ಡೇಟ್, ವಿಂಡೋಸ್ ಅಪ್‌ಡೇಟ್ ಅಥವಾ ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಲಿನಕ್ಸಿನ ಎಫ್‌ಡಬ್ಲ್ಯುಯುಪಿಡಿ ಮೂಲಕ ಆ ಹೊಸ ಸರ್ಟಿಫಿಕೇಟು ಬರುತ್ತದೆ.

ವಿಂಡೋಸು ಹಳೇ ಎಂಬಿಆರ್ ಡಿಸ್ಕಲ್ಲಿ ಉಂಟು. ಅಳಿಸದೇ ಯುಇಎಫ್‌ಐಗೆ ತರ್ಬಹುದಾ?

ತರಬಹುದು. ಎಂಬಿಆರ್ ಅಂದರೆ ಡಿಸ್ಕಿನ ಪಾಲುಗಳ ಲೆಕ್ಕವಿಡುವ ಬಯೋಸ್ ಕಾಲದ ಕ್ರಮ, ಜಿಪಿಟಿ ಯುಇಎಫ್‌ಐ ಕಾಲದ್ದು. ವಿಂಡೋಸ್ 10ರ 1703 ಆವೃತ್ತಿಯಿಂದ ಈಚೆಗೆ ಎಂಬಿಆರ್2ಜಿಪಿಟಿ ಎಂಬ ಆಜ್ಞೆ ಅದರಲ್ಲೇ ಇದೆ. ಮೊದಲು ವ್ಯಾಲಿಡೇಟ್, ಅದು ಸರಿ ಎಂದರೆ ಕನ್ವರ್ಟ್. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇದ್ದರೆ, ಅಥವಾ ಎಕ್ಸ್‌ಟೆಂಡೆಡ್ ಇದ್ದರೆ ಒಪ್ಪುವುದಿಲ್ಲ. ಮುಗಿದ ಮೇಲೆ ಸೆಟಪ್‌ನಲ್ಲಿ ಯುಇಎಫ್‌ಐ ನಮೂನೆಗೆ ಬದಲಿಸಿ. ಬ್ಯಾಕಪ್ ಇಲ್ಲದೆ ಮಾಡುವ ಕೆಲಸವಲ್ಲ ಇದು.

ಪ್ರೊಸೆಸರ್ 64 ಬಿಟ್, ಆದ್ರೂ 64 ಬಿಟ್ ಪೆನ್‌ಡ್ರೈವ್ ಏಳ್ತಿಲ್ಲ.

ಇಂಟೆಲ್ ಬೇ ಟ್ರೇಲ್ ಚಿಪ್ಪಿನ ಅಗ್ಗದ ಟ್ಯಾಬ್ಲೆಟ್, ಪುಟ್ಟ ಲ್ಯಾಪ್‌ಟಾಪುಗಳಲ್ಲಿ ಫರ್ಮ್‌ವೇರ್ ಮಾತ್ರ 32 ಬಿಟ್. ಅದು ಹುಡುಕುವುದು ಬೂಟ್‌ಐಎ32.ಇಎಫ್‌ಐ. ಆ ಫೈಲೂ ಇರುವ ಇನ್‌ಸ್ಟಾಲರ್ ಬೇಕು.

ಲಿನಕ್ಸ್ ತೆಗೆದೆ. ಬೂಟ್ ಮೆನುವಲ್ಲಿ ಅದರ ಹೆಸರು ಹಾಗೇ ಉಂಟು, ತೆಗೆಯೂದು ಹೇಗೆ?

ದಾಖಲೆ ಒಂದು, ಫೋಲ್ಡರ್ ಒಂದು, ಎರಡನ್ನೂ ತೆಗೆಯಬೇಕು. ಒಂದನ್ನೇ ತೆಗೆದರೆ ಕೆಲವು ಫರ್ಮ್‌ವೇರ್ ಉಳಿದ ಫೈಲು ನೋಡಿ ದಾಖಲೆಯನ್ನು ಮತ್ತೆ ಹುಟ್ಟಿಸುತ್ತವೆ. ದಾಖಲೆಗೆ ಲೈವ್ ಲಿನಕ್ಸ್‌ನಿಂದ ಇಎಫ್‌ಐಬೂಟ್‌ಎಂಜಿಆರ್ -ಬಿ ಎಂದು ನಂಬರು ಕೊಟ್ಟು, ಕೊನೆಯಲ್ಲಿ ದೊಡ್ಡಕ್ಷರದ -ಬಿ ಸೇರಿಸಿ. ಫೋಲ್ಡರಿಗೆ ವಿಂಡೋಸಿನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಮೌಂಟ್‌ವಾಲ್ ಎಸ್: /ಎಸ್ ಕೊಟ್ಟರೆ ಇಎಸ್‌ಪಿಯು ಎಸ್ ಡ್ರೈವಿನಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ಇಎಫ್‌ಐ ಒಳಗಿನ ಉಬುಂಟು ಫೋಲ್ಡರ್ ಮಾತ್ರ ಅಳಿಸಿ, ಮೈಕ್ರೋಸಾಫ್ಟ್ ಮತ್ತು ಬೂಟ್ ಎಂಬವನ್ನು ಮುಟ್ಟಬೇಡಿ.

/ಸಿಸ್ ಒಳಗಿನ ಇಎಫ್‌ಐವಾರ್ಸ್ ಫೋಲ್ಡರಿನಲ್ಲಿರುವ ಫೈಲುಗಳನ್ನು ಕೈಯಾರೆ ಅಳಿಸುವ ಅಡ್ಡದಾರಿ ಮಾತ್ರ ಹಿಡಿಯಬೇಡಿ. ಅವು ಫರ್ಮ್‌ವೇರಿನ ಸ್ವಂತ ದಾಖಲೆಗಳು. 2016ರಲ್ಲಿ ಹೀಗೆ ಅಳಿಸಿ ಕೆಲವರ ಲ್ಯಾಪ್‌ಟಾಪುಗಳು ಮತ್ತೆ ಏಳದಂತಾದವು. ಆಮೇಲೆ ಲಿನಕ್ಸ್ ಕರ್ನಲ್ 4.5ರಿಂದ ಅವುಗಳಲ್ಲಿ ಹೆಚ್ಚಿನವಕ್ಕೆ ಬೀಗ ಬಿದ್ದಿದೆ. ಬೀಗ ತೆಗೆಯುವ ಆಜ್ಞೆ ಎಲ್ಲಾದರೂ ಓದಿದರೆ ಓದಿ ಅಲ್ಲಿಗೇ ಬಿಡಿ.